ರಸ್ತೆ ಮುಚ್ಚುವ ಮೊದಲು: ಮಾಕುಟ್ಟದ ಹೊಸ ಮತದಾರರಿಗೆ ಒಂದು ಬಹಿರಂಗ ಪತ್ರ

ಮಾಕುಟ್ಟದಲ್ಲೂ ಘಾಟಿಯ ಉದ್ದಕ್ಕೂ ಮನೆ ಮಾಡಿಕೊಂಡಿರುವ, ಈ ವರ್ಷ ಮೊದಲ ಸಲ ಮತದಾರರ ಪಟ್ಟಿಗೆ ಸೇರುತ್ತಿರುವ ಪ್ರೀತಿಯ ಮಕ್ಕಳೇ,

ನಿಮ್ಮಲ್ಲಿ ಕೆಲವರಿಗೆ ನಾನು ಪಾಠ ಹೇಳಿದವನು. ಉಳಿದವರಿಗೆ ಪರಿಚಯ ಇಲ್ಲದಿದ್ದರೂ ನಿಮ್ಮ ಅಣ್ಣಂದಿರೋ ಅಕ್ಕಂದಿರೋ ನನ್ನ ತರಗತಿಯಲ್ಲಿ ಕೂತಿರುತ್ತಾರೆ. ಸಮಾಜ ವಿಜ್ಞಾನ ಕಲಿಸುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ಪೌರನೀತಿಯ ಪಾಠ ಯಾವಾಗಲೂ ಪುಸ್ತಕದ ಕೊನೆಗೆ ಬರುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಓಡಿಸಿ ಮುಗಿಸುವ ಪಾಠ ಅದು. ‘ಪ್ರಜಾಪ್ರಭುತ್ವ ಎಂದರೇನು?’ ಎಂಬ ಪ್ರಶ್ನೆಗೆ ನೀವೆಲ್ಲ ಅಬ್ರಹಾಂ ಲಿಂಕನ್ನರ ಮಾತನ್ನೇ ಬರೆದಿದ್ದೀರಿ. ಜನರಿಂದ, ಜನರಿಗಾಗಿ ಎಂದು ಶುರು ಮಾಡಿದರೆ ಅಂಕ ಖಾತ್ರಿ. ಆ ಮಾತು 1863ರಲ್ಲಿ ಹುಟ್ಟಿದ್ದು ಯುದ್ಧದಲ್ಲಿ ಸತ್ತವರನ್ನು ಹೂಳಿದ ನೆಲದ ಮೇಲೆ, ದೇಶ ಎರಡಾಗಿ ಒಡೆದು ಕಾದಾಡುತ್ತಿದ್ದಾಗ. ಅದನ್ನು ಹೇಳಿಕೊಡುವಷ್ಟು ಸಮಯ ನನಗೆ ಸಿಗುತ್ತಿರಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗ ಘಾಟಿಯ ಕಡೆಯ ಹುಡುಗನೊಬ್ಬ ಇದೇ ಪಾಠದ ನಡುವೆ ಎದ್ದು ನಿಂತು ಕೇಳಿದ: ‘ಸಾರ್, ಸರ್ಕಾರ ಅಂದ್ರೆ ಜನರೇ ಅಂತೀರಿ. ಹಾಗಾದ್ರೆ ನಮ್ಮ ರಸ್ತೆಗೆ ಮಣ್ಣು ಸುರಿದದ್ದೂ ಜನರೇನಾ?’

ತರಗತಿ ನಗಲಿಲ್ಲ. ನಾನು ಏನೋ ಹೇಳಿ ಮುಂದೆ ಹೋದೆ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮಗೆಲ್ಲ ಬರೆಯುತ್ತಿದ್ದೇನೆ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಭಯದಿಂದ ಕರ್ನಾಟಕ ಸರ್ಕಾರ ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಿತು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಕಾಡಿನೊಳಗೆ ಇಳಿದು, ಮಾಕುಟ್ಟದ ಮೂಲಕ ಕೂಟುಪುಳ ಸೇತುವೆ ಸೇರಿ ಇರಿಟ್ಟಿಗೆ ಹೋಗುವ ನಮ್ಮ ರಸ್ತೆಗೂ ಮಣ್ಣಿನ ರಾಶಿ ಬಿತ್ತು. ಆ ರಸ್ತೆ ಮುಚ್ಚುವುದು ನಿಮಗೆ ಹೊಸದಲ್ಲ. 2018ರ ಮಳೆಯಲ್ಲಿ ಗುಡ್ಡ ಜಾರಿ ಘಾಟಿ ಬಂದ್ ಆಗಿತ್ತು. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ಗುಡ್ಡ ಜಾರಿದರೆ ಯಾಕೆಂದು ಮಳೆಯನ್ನು ಕೇಳಲಾಗದು. ಮನುಷ್ಯರು ಮುಚ್ಚಿದರೆ ಕೇಳಬಹುದು, ಕೇಳಲೇಬೇಕು. ಯಾರು ತೀರ್ಮಾನ ಮಾಡಿದರು, ಮಾಡುವ ಮೊದಲು ಯಾರನ್ನು ವಿಚಾರಿಸಿದರು, ತಪ್ಪಾಗಿದ್ದರೆ ನಾವು ಯಾರ ಬಾಗಿಲು ತಟ್ಟಬೇಕು. ಪೌರನೀತಿ ಎಂದರೆ ಇಷ್ಟೇ ಎಂದು ಈಗ ನನಗನಿಸುತ್ತದೆ.

ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಕೊಡಗಿನ ಕಥೆಯನ್ನೇ ನೋಡಿ. ಬೇರೆ ಜಿಲ್ಲೆಯವರು ಪುಸ್ತಕದಲ್ಲಿ ಓದುವ ಸರ್ಕಾರದ ಬಗೆಗಳನ್ನೆಲ್ಲ ನಮ್ಮ ಅಜ್ಜ, ಮುತ್ತಜ್ಜಂದಿರು ಒಂದೇ ನೆಲದಲ್ಲಿ ನಿಂತು ಕಂಡಿದ್ದಾರೆ.

ಹಾಲೇರಿ ರಾಜರ ಕಾಲದಲ್ಲಿ ಅರಸನ ಮಾತೇ ಕಾನೂನು. ಊರಿನ ಮಟ್ಟದಲ್ಲಿ ಮುಖ್ಯಸ್ಥರಾಗಿ ತಕ್ಕರಿದ್ದರು, ಊರ ಬಯಲಾದ ಮಂದ್‌ನಲ್ಲಿ ಸೇರಿ ಮಾತಾಡುವ ಪದ್ಧತಿ ಇತ್ತು. ಅದಕ್ಕೆ ನನಗೆ ಗೌರವವಿದೆ. ಆದರೆ ತಕ್ಕತನ ಮನೆತನದಿಂದ ಬರುವಂಥದ್ದು. ಗದ್ದೆಯಲ್ಲಿ ದುಡಿಯುತ್ತಿದ್ದ ಯರವ ಬುಡಕಟ್ಟಿನವರಿಗೆ ಆ ಕೂಟದಲ್ಲಿ ಬಾಯಿ ಇರಲಿಲ್ಲ, ಹೆಂಗಸರಿಗೂ ಇರಲಿಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮದು ಮಾಡಿಕೊಂಡರು. ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಒಂದು ಮಾತಿದೆ: ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಬ್ರಿಟಿಷ್ ಸರ್ಕಾರದ ರಕ್ಷಣೆಯನ್ನು ಬಯಸಿದ್ದಾರೆ ಎಂಬ ಅರ್ಥದ್ದು. ಎಲ್ಲ ಜನರನ್ನು ಯಾರೂ ಕೇಳಿರಲಿಲ್ಲ. ಹಾಗಿದ್ದೂ ಗೆದ್ದವನಿಗೂ ‘ಜನರು ಒಪ್ಪಿದ್ದಾರೆ’ ಎಂದು ಬರೆಸಬೇಕೆನಿಸಿತು, ನೋಡಿ. ಅದಕ್ಕೆ ಐವತ್ತೆಂಟು ವರ್ಷ ಮೊದಲು, 1776ರಲ್ಲಿ, ಅಮೆರಿಕದ ಹದಿಮೂರು ವಸಾಹತುಗಳು ಅದೇ ಬ್ರಿಟಿಷರನ್ನು ಬಿಟ್ಟು ಹೊರಬಂದಾಗ ಆಳುವವನ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಬರುತ್ತದೆ ಎಂದು ಸಾರಿದ್ದವು. ಒಪ್ಪಿಗೆ ಕೇಳದಿದ್ದರೂ ಕೇಳಿದೆವು ಎನ್ನಲೇಬೇಕಾದ ಕಾಲ ಅಷ್ಟರಲ್ಲಿ ಬಂದಿತ್ತು. ಆ ‘ಒಪ್ಪಿಗೆ’ ಎಂಥದ್ದೆಂದು ಮೂರೇ ವರ್ಷದಲ್ಲಿ ಗೊತ್ತಾಯಿತು. ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕೆನರಾ ಜಿಲ್ಲೆಗೆ ಸೇರಿಸಿ, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದಾಗ 1837ರಲ್ಲಿ ರೈತರು ಎದ್ದರು. ಅಮರ ಸುಳ್ಯ ದಂಗೆ ಎಂದು ನಾವು ಕರೆಯುವುದು ಅದನ್ನೇ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಬಾಸ್ಟನ್ನಿನವರು 1773ರಲ್ಲಿ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದೂ ತೆರಿಗೆಯ ವಿಷಯಕ್ಕೇ. ನಮ್ಮನ್ನು ಕೇಳದೆ ನಮ್ಮ ಕೈಯಿಂದ ಹಣ ಕೀಳಬೇಡಿ ಎಂದರು ಅವರು.  ಬಾಸ್ಟನ್ನಿನ ಕಥೆಯ ಜೊತೆಗೆ ಅಪ್ಪಯ್ಯ ಗೌಡರ ಕಥೆಯನ್ನೂ ಹುಡುಕಿ ಓದಿ.

ಆಮೇಲೆ ಸುಮಾರು ತೊಂಬತ್ತು ವರ್ಷ ಕಮಿಷನರರ ಆಡಳಿತ. 1924ರಲ್ಲಿ ಕೊಡಗಿಗೆ ಮೊದಲ ಶಾಸನ ಸಭೆ ಬಂತು. ಇಪ್ಪತ್ತು ಜನರಲ್ಲಿ ಹದಿನೈದು ಮಂದಿ ಚುನಾಯಿತರು, ಐವರು ನಾಮನಿರ್ದೇಶಿತರು. ಮತ ಹಾಕುವ ಹಕ್ಕು ಮಾತ್ರ ಆಸ್ತಿ, ತೆರಿಗೆ ಇದ್ದ ಕೆಲವರದ್ದು. ಅಮೆರಿಕ ತನ್ನ ಮೂಲನಿವಾಸಿಗಳನ್ನೆಲ್ಲ ಪೌರರೆಂದು ಕಾನೂನಿನಲ್ಲಿ ಒಪ್ಪಿಕೊಂಡದ್ದೂ ಅದೇ 1924ರಲ್ಲಿ, ಸಂವಿಧಾನ ಬರೆದು 137 ವರ್ಷ ಕಳೆದ ಮೇಲೆ. ಅಲ್ಲಿನ ಹೆಂಗಸರಿಗೆ ದೇಶದೆಲ್ಲೆಡೆ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ದಕ್ಷಿಣದ ರಾಜ್ಯಗಳ ಕಪ್ಪು ಜನರು ಅಡ್ಡಿಯಿಲ್ಲದೆ ಮತಗಟ್ಟೆಗೆ ಹೋಗುವಂತಾಗಲು 1965ರ ಕಾನೂನು ಬೇಕಾಯಿತು. ಎಲ್ಲರೂ ಸಮಾನರೆಂದು ಬರೆದವರೇ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರ ಸಂವಿಧಾನ ಒಬ್ಬ ಗುಲಾಮನನ್ನು ಜನಸಂಖ್ಯೆಯ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಿತ್ತು.

ಇದನ್ನು ಅಮೆರಿಕವನ್ನು ಹಳಿಯಲು ಹೇಳುತ್ತಿಲ್ಲ. ನಮ್ಮ 1952ರ ಚುನಾವಣೆ ಎಷ್ಟು ದೊಡ್ಡದೆಂದು ನಿಮಗೆ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ. ಆಗ ಕೊಡಗು ಪ್ರತ್ಯೇಕ ರಾಜ್ಯ. ಸಂವಿಧಾನದ ಪಟ್ಟಿಯಲ್ಲಿ ‘ಸಿ’ ಭಾಗದ ರಾಜ್ಯ ಎಂದು ಅದರ ಹೆಸರು. ಜನಸಂಖ್ಯೆ 1951ರ ಗಣತಿಯಂತೆ ಸುಮಾರು 2.29 ಲಕ್ಷ. ವಿಧಾನಸಭೆಗೆ 24 ಸ್ಥಾನ. ಕಾಂಗ್ರೆಸ್ಸಿನ ಎದುರು ಪಂದ್ಯಂಡ ಬೆಳ್ಯಪ್ಪನವರ ಮುಂದಾಳತ್ವದ ತಕ್ಕಡಿ ಪಕ್ಷ. ಕೊಡಗು ಮೈಸೂರಿನೊಡನೆ ಸೇರಬೇಕೇ ಬೇಡವೇ ಎಂಬುದೇ ಚುನಾವಣೆಯ ದೊಡ್ಡ ಮಾತು. ಬೆಳ್ಯಪ್ಪನವರ ಕಡೆಯವರು ಬೇಡ ಎಂದರು. ಕಾಂಗ್ರೆಸ್ 15 ಸ್ಥಾನ ಗೆದ್ದಿತು, ಉಳಿದ ಒಂಬತ್ತು ಪಕ್ಷೇತರರಾಗಿ ನಿಂತ ತಕ್ಕಡಿ ಕಡೆಯವರ ಪಾಲಾಯಿತು. ಚೆಪ್ಪುಡಿರ ಎಂ. ಪೂಣಚ್ಚನವರು ಮುಖ್ಯಮಂತ್ರಿ, ಅವರನ್ನು ಬಿಟ್ಟರೆ ಸಂಪುಟದಲ್ಲಿ ಕುಟ್ಟೂರು ಮಲ್ಲಪ್ಪನವರು ಒಬ್ಬರೇ ಮಂತ್ರಿ. ಆ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಓದು ಬಾರದವರೂ ಗುರುತು ನೋಡಿ ಚೀಟಿ ಹಾಕಿದರು. ಒಂದು ತಲೆಮಾರಿನ ಹಿಂದೆ ಶಾಸನ ಸಭೆಯ ಹತ್ತಿರವೂ ಸುಳಿಯಲಾಗದಿದ್ದ ತೋಟದ ಕೂಲಿ ಯರವ ಹೆಂಗಸಿನ ಚೀಟಿಗೂ ಆ ತೋಟದ ಧಣಿಯ ಚೀಟಿಗೂ ತೂಕ ಒಂದೇ. ಆಸ್ತಿ, ಅಕ್ಷರ, ಜಾತಿ, ಲಿಂಗ ಯಾವುದನ್ನೂ ನೋಡದೆ ಒಂದೇ ಏಟಿಗೆ ಎಲ್ಲ ವಯಸ್ಕರಿಗೂ ಹಕ್ಕು ಕೊಟ್ಟರು. ನಾನು ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಈ ಸಂಗತಿ ಹೇಳುವಾಗ ನನ್ನ ಗಂಟಲು ಕಟ್ಟದೇ ಹೋದ ದಿನ ಇಲ್ಲ.

1956ರ ನವೆಂಬರ್ 1ರಂದು ಆ ರಾಜ್ಯ ಇಲ್ಲವಾಯಿತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ಶಿಫಾರಸು ಮಾಡಿತು, ಸಂಸತ್ತು ಕಾನೂನು ಮಾಡಿತು, ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಯಿತು. ಇಲ್ಲಿ ಎರಡು ದೇಶಗಳ ಸಂವಿಧಾನಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದಲ್ಲಿ ಒಂದು ರಾಜ್ಯವನ್ನು ಒಡೆಯಲು ಅಥವಾ ಇನ್ನೊಂದಕ್ಕೆ ಸೇರಿಸಲು ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ನಮ್ಮ 3ನೆಯ ವಿಧಿಯಲ್ಲಿ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ, ತೀರ್ಮಾನ ಸಂಸತ್ತಿನದು. ಅಲ್ಲಿ ರಾಜ್ಯಗಳು ಮೊದಲು ಇದ್ದವು, ಸೇರಿ ದೇಶ ಕಟ್ಟಿದವು. ಇಲ್ಲಿ ದೇಶ ಮೊದಲು, ಅದರ ಒಳಗೆ ರಾಜ್ಯಗಳ ಗೆರೆ. ದೇಶ ವಿಭಜನೆಯ ರಕ್ತ ಆರುವ ಮೊದಲೇ ಬರೆದ ಸಂವಿಧಾನಕ್ಕೆ ಈ ಎಚ್ಚರ ಬೇಕಿತ್ತು ಎಂದು ನಾನು ನಂಬುತ್ತೇನೆ. ಆದರೂ ಚಿಕ್ಕವರ ಮಾತು ತೂಗುವುದು ಹೇಗೆ ಎಂಬ ಚಿಂತೆ ಉಳಿಯುತ್ತದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಇದೇ ಜಗಳಕ್ಕೆ ಸಭೆ ಮುರಿದು ಬೀಳುವಂತಾಗಿತ್ತು. ಕೊನೆಗೆ ಒಂದು ಸದನಕ್ಕೆ ಜನಸಂಖ್ಯೆಯ ಲೆಕ್ಕ, ಸೆನೆಟ್ಟಿಗೆ ದೊಡ್ಡದಿರಲಿ ಚಿಕ್ಕದಿರಲಿ ಪ್ರತಿ ರಾಜ್ಯಕ್ಕೂ ಇಬ್ಬರು ಎಂದು ರಾಜಿಯಾದರು. ನಮ್ಮ ರಾಜ್ಯಸಭೆಯಲ್ಲಿ ಅಂಥ ಸಮಾನತೆ ಇಲ್ಲ. ಕೊಡಗು ರಾಜ್ಯವಾಗಿದ್ದಾಗ ಅದಕ್ಕೂ ರಾಜಸ್ಥಾನದ ನಡುವಿನ ಅಜ್ಮೀರಕ್ಕೂ ಸೇರಿ ರಾಜ್ಯಸಭೆಯಲ್ಲಿ ಇದ್ದದ್ದು ಒಂದೇ ಕುರ್ಚಿ.

ಲೆಕ್ಕ ಹಾಕಿ ನೋಡಿ. 1952ರಲ್ಲಿ ಸುಮಾರು ಒಂಬತ್ತೂವರೆ ಸಾವಿರ ಜನಕ್ಕೆ ಒಬ್ಬ ಶಾಸಕ. ಈಗ ಜಿಲ್ಲೆಗೆ ಇಬ್ಬರೇ, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. 2011ರ ಗಣತಿಯಂತೆ ಒಬ್ಬೊಬ್ಬರಿಗೆ 2.77 ಲಕ್ಷ ಜನ. ಲೋಕಸಭೆಗೆ ಮೈಸೂರಿನ ಜೊತೆ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಅಲ್ಲಿನವು. ಇದನ್ನು ಅನ್ಯಾಯ ಎಂದು ಕೂಗುವವರಿದ್ದಾರೆ. ನಾನು ಕೂಗಲಾರೆ, ಯಾಕೆಂದರೆ ಇಡೀ ಕರ್ನಾಟಕದ ಸರಾಸರಿಯೂ ಹೆಚ್ಚು ಕಡಿಮೆ ಅಷ್ಟೇ ಇದೆ. ಅಳತೆಗೋಲು ಎಲ್ಲರಿಗೂ ಒಂದೇ. ಆದರೆ ಮಾಕುಟ್ಟದಂಥ ಊರಿನ ದನಿ ಬೆಂಗಳೂರಿಗೆ ತಲುಪುವ ಹೊತ್ತಿಗೆ ಎಷ್ಟು ಸಣ್ಣದಾಗುತ್ತದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಹಾಗಾಗಿ ನಿಮ್ಮ ಶಾಸಕರನ್ನು ಆರಿಸಿ ಐದು ವರ್ಷ ಸುಮ್ಮನೆ ಕೂರುವುದು ನಿಮಗೆ ಬೇರೆಯವರಿಗಿಂತ ಹೆಚ್ಚು ದುಬಾರಿ.

ಈಗ ಮಣ್ಣಿನ ರಾಶಿಗೆ ಮರಳುತ್ತೇನೆ.

ಒಂದು ದೇಶದೊಳಗೆ ಒಂದು ರಾಜ್ಯ ಇನ್ನೊಂದರ ಜನರನ್ನು ಗಡಿಯಲ್ಲಿ ತಡೆಯಬಹುದೇ? ಅಮೆರಿಕದ ಸಂವಿಧಾನ ಹುಟ್ಟಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಬ್ರಿಟಿಷರಿಂದ ಬಿಡಿಸಿಕೊಂಡ ಹೊಸತರಲ್ಲಿ ಅಲ್ಲಿ ಗಟ್ಟಿಯಾದ ಕೇಂದ್ರ ಇರಲಿಲ್ಲ. ನೆರೆಯ ನ್ಯೂಜೆರ್ಸಿಯಿಂದ ಬರುವ ದೋಣಿಗಳ ಮೇಲೆ ನ್ಯೂಯಾರ್ಕ್ ಸುಂಕ ಹಾಕಿತು. ನ್ಯೂಜೆರ್ಸಿ ಸಿಟ್ಟಿಗೆದ್ದು ತನ್ನ ನೆಲದಲ್ಲಿ ನ್ಯೂಯಾರ್ಕಿನವರು ಇಟ್ಟುಕೊಂಡಿದ್ದ ದೀಪಸ್ತಂಭದ ಮೇಲೆ ತೆರಿಗೆ ಹೇರಿತು. ಇಂಥ ಜಗಳಗಳಿಂದ ಬೇಸತ್ತೇ ಅವರು ಮತ್ತೆ ಕೂತು, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಅಧಿಕಾರವನ್ನು ದೇಶದ ಕಾಂಗ್ರೆಸ್ಸಿಗೆ ಕೊಟ್ಟರು. ಬರೆದ ಮಾತ್ರಕ್ಕೆ ಮುಗಿಯಲಿಲ್ಲ. 1930ರ ದಶಕದ ಬಡತನದಲ್ಲಿ ಹೊರಗಿನ ಬಡವರು ಬರಬಾರದೆಂದು ಕ್ಯಾಲಿಫೋರ್ನಿಯಾದ ಗಡಿಯಲ್ಲಿ ಪೊಲೀಸರು ನಿಂತರು. ಎಡ್ವರ್ಡ್ಸ್ ಎಂಬಾತ ಟೆಕ್ಸಾಸ್‌ನಿಂದ ಕೆಲಸವಿಲ್ಲದ ತನ್ನ ಭಾವಮೈದುನನನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದ. ಕಾಸಿಲ್ಲದವನನ್ನು ರಾಜ್ಯದೊಳಗೆ ಕರೆತಂದ ಅಪರಾಧಕ್ಕೆ ಅವನಿಗೆ ಶಿಕ್ಷೆಯಾಯಿತು. 1941ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಂದಾಗಿ ಆ ಕಾನೂನನ್ನು ತಳ್ಳಿಹಾಕಿದರು. ಕಷ್ಟ ಬಂತೆಂದು ಒಂದು ರಾಜ್ಯ ತನ್ನನ್ನು ಬೇಲಿ ಹಾಕಿಕೊಂಡು ಉಳಿದವರಿಂದ ಬೇರೆ ಮಾಡಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು.

ನಮ್ಮ ಸಂವಿಧಾನದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ದೇಶದ ಎಲ್ಲೆಡೆ ಓಡಾಡುವ ಹಕ್ಕು 19ನೆಯ ವಿಧಿಯಲ್ಲಿದೆ. ವ್ಯಾಪಾರ, ಸಂಚಾರ ದೇಶದಾದ್ಯಂತ ಮುಕ್ತ ಎಂದು 301ನೆಯ ವಿಧಿ ಹೇಳುತ್ತದೆ. ಸಾರ್ವಜನಿಕ ಹಿತಕ್ಕಾಗಿ ನ್ಯಾಯವಾದ ಮಿತಿ ಹಾಕಬಹುದು. ಸಾಂಕ್ರಾಮಿಕ ರೋಗ ಅಂಥ ಕಾರಣವೇ. ರೋಗ ತಡೆಯಲು ಸರ್ಕಾರ ಹೊರಟದ್ದನ್ನು ನಾನು ತಪ್ಪೆನ್ನುವುದಿಲ್ಲ. ತಪಾಸಣೆ ಮಾಡಲಿ, ವಾಹನ ನಿಲ್ಲಿಸಲಿ. ಆದರೆ ಮಣ್ಣಿನ ರಾಶಿಗೆ ಕಣ್ಣಿಲ್ಲ. ಬಸುರಿ ಯಾರು, ಡಯಾಲಿಸಿಸ್‌ಗೆ ಹೋಗುವವರು ಯಾರು, ಸುಮ್ಮನೆ ತಿರುಗಾಡುವವರು ಯಾರು ಎಂದು ಅದು ನೋಡುವುದಿಲ್ಲ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಕಾಸರಗೋಡಿನ ರೋಗಿಗಳು ಸತ್ತ ಸುದ್ದಿ ಆ ದಿನಗಳಲ್ಲಿ ಒಂದರ ಹಿಂದೆ ಒಂದು ಬಂತು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ರೋಗಿಗಳಿಗಾಗಿ ಹೆದ್ದಾರಿಯ ತಡೆ ತೆಗೆಸಲು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಮಂಗಳೂರು, ಕಾಸರಗೋಡುಗಳ ನಡುವಿನ ತಲಪಾಡಿ ಗಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯ ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಮೊಕದ್ದಮೆ ಮುಗಿಯಿತು. ತಲಪಾಡಿ ರಾಷ್ಟ್ರೀಯ ಹೆದ್ದಾರಿ, ದೊಡ್ಡ ಊರುಗಳ ದಾರಿ. ಮಾಕುಟ್ಟದ್ದು ಸಣ್ಣ ಊರುಗಳ ದಾರಿ.

ನಿಮ್ಮ ಊರಿಗೆ ಆ ಗೆರೆ ಎಷ್ಟು ತೆಳುವೆಂದು ನಾನು ಹೇಳಬೇಕಿಲ್ಲ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಇರಿಟ್ಟಿಯೇ ಹತ್ತಿರ. ಬೈತೂರು, ಪಯ್ಯಾವೂರಿನ ದೇವರಿಗೆ ಕೊಡಗಿನ ಅಕ್ಕಿ ಹೋಗುವ ಪದ್ಧತಿ ಕರ್ನಾಟಕ, ಕೇರಳ ಎಂಬ ಹೆಸರುಗಳಿಗಿಂತ ಹಳೆಯದು. 1928ರ ಕೂಟುಪುಳ ಸೇತುವೆ ಹಳೆಯದಾಗಿ ಹೊಸದನ್ನು ಕಟ್ಟುವಾಗ, ಈಚೆ ದಡ ಬ್ರಹ್ಮಗಿರಿ ವನ್ಯಧಾಮದ ಜಾಗ ಎಂದು ಕೆಲಸ ಬಹಳ ಕಾಲ ನಿಂತು, ಅನುಮತಿ ಬಂದು, 2022ರ ಜನವರಿಯಲ್ಲಿ ಸೇತುವೆ ತೆರೆಯಿತು. ಕಾಡನ್ನು ಕಾಯುವ ಕಾನೂನು ಬೇಕು ಎನ್ನುವವನು ನಾನು. ಕಾನೂನು ಇದ್ದದ್ದರಿಂದಲೇ ಅದಕ್ಕೊಂದು ಅರ್ಜಿ, ಒಂದು ವಿಚಾರಣೆ, ಒಂದು ಉತ್ತರ ಅಂತ ಇತ್ತು. ಮಣ್ಣಿನ ರಾಶಿಗೆ ಅದಾವುದೂ ಇರಲಿಲ್ಲ.

ಹಕ್ಕು ಬೇರೆ, ರಿಯಾಯಿತಿ ಬೇರೆ. ಕೊಡಗಿನ ಬಂದೂಕನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೆಯ ತಿದ್ದುಪಡಿಯ ಹಕ್ಕು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಇರುವುದು ಕೇಂದ್ರದ ಅಧಿಸೂಚನೆ ಕೊಟ್ಟ ವಿನಾಯಿತಿ, 2029ರ ಅಕ್ಟೋಬರ್‌ವರೆಗೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೊಟ್ಟವರು ಹಿಂದೆ ಪಡೆಯಬಹುದಾದದ್ದು ವಿನಾಯಿತಿ. ನಿಮ್ಮ ರಸ್ತೆ ಅಂಥದ್ದಲ್ಲ. ಆಸ್ಪತ್ರೆಗೆ ಹೋಗಲು ಬಿಟ್ಟದ್ದಕ್ಕೆ ಯಾರಿಗೂ ಕೈಮುಗಿಯಬೇಕಿಲ್ಲ.

ಹಕ್ಕು ಮುರಿದಾಗ ಕೋರ್ಟ್ ಇದೆ. ಶಾಸನಸಭೆ ಮಾಡಿದ ಕಾನೂನೂ ಸಂವಿಧಾನಕ್ಕೆ ವಿರುದ್ಧವಾದರೆ ನಿಲ್ಲದು ಎಂದು 1803ರಲ್ಲೇ ಅಮೆರಿಕದ ಕೋರ್ಟ್ ಹೇಳಿತು. ನಮ್ಮಲ್ಲಿ ಅದಕ್ಕೂ ಮುಂದೆ ಹೋದದ್ದು ಕಾಸರಗೋಡಿನ ಕನ್ನಡ ನೆಲದಿಂದ ಹೊರಟ ಮೊಕದ್ದಮೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಹೋದರು. ಹದಿಮೂರು ನ್ಯಾಯಮೂರ್ತಿಗಳು ಕೇಳಿ, 1973ರ ಏಪ್ರಿಲ್ 24ರಂದು ಏಳು ಆರರ ಅಂತರದಲ್ಲಿ, ಸಂವಿಧಾನದ ಮೂಲ ಚೌಕಟ್ಟನ್ನು ಸಂಸತ್ತೂ ಕೆಡವಲಾಗದು ಎಂದರು. ಆದರೆ ಕೋರ್ಟು ದೂರ, ವಕೀಲರ ಫೀಸು ಭಾರ, ಆಂಬುಲೆನ್ಸಿನಲ್ಲಿ ಮಲಗಿದವರಿಗೆ ಅಷ್ಟು ದಿನ ಇರುವುದಿಲ್ಲ.

ಅದಕ್ಕೇ ಹತ್ತಿರದ ಬಾಗಿಲಿನ ಬಗ್ಗೆ ಹೇಳುತ್ತೇನೆ. ಅಮೆರಿಕದ ಈಶಾನ್ಯದ ವರ್ಮಾಂಟ್‌ನಂಥ ರಾಜ್ಯಗಳ ಸಣ್ಣ ಊರುಗಳಲ್ಲಿ ಇಂದಿಗೂ ಪ್ರತಿ ಮಾರ್ಚ್‌ನಲ್ಲಿ ಊರವರೆಲ್ಲ ಒಂದು ಕೋಣೆಯಲ್ಲಿ ಸೇರಿ ರಸ್ತೆಗೆ ಎಷ್ಟು, ಶಾಲೆಗೆ ಎಷ್ಟು ಎಂದು ಕೈಯೆತ್ತಿ ತೀರ್ಮಾನಿಸುತ್ತಾರೆ. ನಮಗೆ ಗ್ರಾಮಸಭೆ ಇದೆ. 73ನೆಯ ತಿದ್ದುಪಡಿ ಅದನ್ನು ಸಂವಿಧಾನದೊಳಗೆ ತಂದಿತು. ನಮ್ಮ ರಾಜ್ಯದ 1993ರ ಕಾಯ್ದೆ ಅದಕ್ಕೆ ಕೆಲಸ ಕೊಟ್ಟಿತು. ಕಾಡಿನ ಹಕ್ಕಿನ ಅರ್ಜಿಗಳು 2006ರ ಕಾನೂನಿನಂತೆ ಅಲ್ಲಿಂದಲೇ ಹೊರಡುತ್ತವೆ. ನಾನು ಕೂತ ಗ್ರಾಮಸಭೆಗಳಲ್ಲಿ ಹೆಚ್ಚಾಗಿ ಕಂಡದ್ದು ಮನೆ ಮಂಜೂರಾತಿಗೆ ಬಂದ ಹಿರಿಯರು, ಖಾಲಿ ಕುರ್ಚಿಗಳು. ನಿಮ್ಮ ವಯಸ್ಸಿನವರು ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದರು.

ಮುಂದಿನ ಗ್ರಾಮಸಭೆಗೆ ಒಳಗೆ ಬನ್ನಿ. ಬರುವಾಗ ಒಂದು ಹಾಳೆಯಲ್ಲಿ ನಿರ್ಣಯ ಬರೆದು ತನ್ನಿ. ಮಾಕುಟ್ಟ ರಸ್ತೆಯನ್ನು ಯಾವ ಕಾರಣಕ್ಕೆ ಮುಚ್ಚಿದರೂ ರೋಗಿ, ಬಸುರಿ, ಆಂಬುಲೆನ್ಸ್ ದಾಟಲು ಹಗಲೂ ರಾತ್ರಿ ಒಂದು ದಾರಿ ತೆರೆದಿರಬೇಕು. ಮಣ್ಣು, ಕಲ್ಲು ಹಾಕಿ ಮುಚ್ಚಬಾರದು, ಮನುಷ್ಯರು ಕಾಯುವ ಗೇಟ್ ಇರಬೇಕು. ಮುಚ್ಚುವ ಆದೇಶ, ಅದರ ಕಾರಣ, ಅದು ಮುಗಿಯುವ ದಿನ ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡ, ಮಲಯಾಳ ಎರಡರಲ್ಲೂ ಅಂಟಿಸಿರಬೇಕು. ಗೇಟಿನಲ್ಲಿ ಯಾವ ಅಧಿಕಾರಿಯನ್ನು ಕೇಳಬೇಕೆಂದು ಊರಿಗೆ ಗೊತ್ತಿರಬೇಕು. ಇದನ್ನು ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಮತ್ತೆ ಓದಿಸಿ ಕೇಳಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ, ವಿರಾಜಪೇಟೆಯ ಶಾಸಕರಿಗೂ, ಸಂಸದರಿಗೂ ಕಳಿಸಿ, ಸ್ವೀಕೃತಿ ಪಡೆಯಿರಿ. ಆಚೆ ದಡದ ಪಂಚಾಯಿತಿಯವರಿಗೂ ಒಂದು ಕೊಡಿ, ಅವರ ಕಡೆಯ ಗೇಟಿಗೂ ಇದೇ ಮಾತು ಬೇಕು. ಈ ನಿರ್ಣಯಕ್ಕೆ ಜಿಲ್ಲಾಧಿಕಾರಿಯ ಕೈ ಕಟ್ಟುವ ಬಲ ಇಲ್ಲ, ನಿಜ. ಆದರೆ ನಾಳೆ ಯಾರಾದರೂ ಕೋರ್ಟಿಗೆ ಹೋದರೆ, ಊರು ಮೊದಲೇ ಕೇಳಿತ್ತು, ಲಿಖಿತವಾಗಿ ಕೇಳಿತ್ತು ಎಂಬುದಕ್ಕೆ ಆ ಪುಟ ಇರುತ್ತದೆ. ಸಂವಿಧಾನ ಬರೆದವರೂ ಕಷ್ಟ ಬರುವ ಮೊದಲೇ ಕೂತು ಬರೆದಿಟ್ಟದ್ದು ಇಂಥ ಮಾತುಗಳನ್ನೇ.

ಮತದಾರರ ಪಟ್ಟಿಗೆ ಇನ್ನೂ ಸೇರದವರು ನಮೂನೆ 6 ತುಂಬಿಸಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕು, ಈ ನಾಲ್ಕರಲ್ಲಿ ಯಾವುದಕ್ಕೆ ಹದಿನೆಂಟು ತುಂಬಿದರೂ ಆಗುತ್ತದೆ. ಹದಿನೇಳು ಆದವರು ಮುಂಗಡವಾಗಿಯೇ ಕೊಡಬಹುದು. ಹಾಡಿಯ ಮಕ್ಕಳಲ್ಲಿ ಜನನ ಪ್ರಮಾಣಪತ್ರ ಇಲ್ಲದವರಿದ್ದರೆ ಅವರನ್ನು ಬಿಟ್ಟು ನೀವು ಮಾತ್ರ ಹೋಗಬೇಡಿ, ಜೊತೆಗೆ ಕರೆದುಕೊಂಡು ಹೋಗಿ.

ತರಗತಿಯಲ್ಲಿ ಎದ್ದು ನಿಂತ ಆ ಹುಡುಗನೂ ಇದನ್ನು ಓದುತ್ತಿರಬಹುದು. ಮಗಾ, ಆ ಮಣ್ಣನ್ನು ಸುರಿಸಿದ್ದು ನಾವು ಆರಿಸಿದ ಸರ್ಕಾರವೇ. ಅದಕ್ಕೇ ಅದನ್ನು ಕೇಳುವ ಅಧಿಕಾರವೂ ನಮ್ಮದೇ. ನಿರ್ಣಯ ಬರೆಯಲು ಕೂತಾಗ ಸುದ್ದಿ ಕಳಿಸು, ಮೊದಲ ಬಸ್ಸಿಗೆ ಬರುತ್ತೇನೆ.

ನಿಮ್ಮ,
ವಿರಾಜಪೇಟೆಯ ಒಬ್ಬ ನಿವೃತ್ತ ಮೇಷ್ಟ್ರು